ತುರಿಕೆ ಚರ್ಮದ್ದೋ, ಮೂತ್ರಪಿಂಡದ್ದೋ?



ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಮೈ ತುರಿಸಿದರೆ ಯಾರೂ ಹೆದರುವುದಿಲ್ಲ. ಇಂಬಳ ಕಚ್ಚಿದ್ದು, ತೋಟದಲ್ಲಿ ಕಂಬಳಿ ಹುಳು ತಾಗಿದ್ದು, ಗದ್ದೆಯ ಕೆಸರಿಗೆ ಬೆರಳ ಸಂದಿ ಹುಣ್ಣಾದದ್ದು, ಒಂದಲ್ಲ ಒಂದು ಇದ್ದೇ ಇರುತ್ತೆ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿಕೊಂಡು ಕೆಲಸಕ್ಕೆ ಹೊರಡುತ್ತೇವೆ. ನನ್ನ ದೊಡ್ಡಪ್ಪನವರೂ ಹಾಗೇ ಮಾಡಿದರು. ಆರು ತಿಂಗಳು ಬೆನ್ನು, ತೋಳು ಕೆರೆದುಕೊಂಡರು. ಗುಳ್ಳೆ ಇಲ್ಲ, ದದ್ದು ಇಲ್ಲ, ರಾತ್ರಿಯಾದರೆ ಹೆಚ್ಚು. ಪಾದ ಊದಿಕೊಂಡ ಮೇಲೆ ಹಾಸನಕ್ಕೆ ಕರೆದೊಯ್ದೆವು. ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿದ್ದುವು. ನಾನು ಬೆಳೆಯ ರೋಗ ನೋಡುವವನು, ವೈದ್ಯನಲ್ಲ. ಆದರೂ ಎಲೆ ಹಳದಿಯಾದರೆ ಬೇರು ನೋಡಿ ಎಂದು ಊರೂರಿಗೆ ಹೇಳುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂಬ ಕೊರಗು ಉಳಿದಿದೆ.

ಕಿಡ್ನಿ ಎಂದು ನಾವು ಹೇಳುವ ಈ ಮೂತ್ರಪಿಂಡಗಳು ಮುಷ್ಟಿಯಷ್ಟು ದೊಡ್ಡವು. ದಿನಕ್ಕೆ ಸುಮಾರು 180 ಲೀಟರು ನೀರನ್ನು ರಕ್ತದಿಂದ ಸೋಸಿ, ಬೇಕಾದ್ದನ್ನು ಹಿಂದಕ್ಕೆ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಹಾಕುತ್ತವೆ. ನಾವು ಗಿಡಕ್ಕೆ ಹಾಕುವ ರಂಜಕ, ಪೊಟ್ಯಾಷ್ ನಮ್ಮ ಮೈಗೂ ಬೇಕು. ಹೆಚ್ಚಾದದ್ದನ್ನು ಹೊರಹಾಕುವವು ಇವೇ. ಇವು ಸೋತರೆ ರಂಜಕವೂ ಬೇರೆ ಕಲ್ಮಷಗಳೂ ರಕ್ತದಲ್ಲೇ ನಿಲ್ಲುತ್ತವೆ. ಚರ್ಮದ ಬೆವರು, ಎಣ್ಣೆಯ ಗ್ರಂಥಿಗಳು ಸೊರಗಿ ಮೈ ಒಣಗುತ್ತದೆ, ತುರಿಕೆ ಹತ್ತುತ್ತದೆ. ರಕ್ತ ಕಡಿಮೆಯಾಗಿ ಮುಖ ಬಿಳಿಚುತ್ತದೆ.

ತುರಿಕೆಗಳಲ್ಲಿ ಬಹಳವು ಬರೀ ಚರ್ಮದವೇ, ಗಾಬರಿ ಬೇಡ. ಆದರೆ ಗುಳ್ಳೆಯಿಲ್ಲದ ತುರಿಕೆ ವಾರಗಟ್ಟಲೆ ಬಿಡದಿದ್ದರೆ, ಜೊತೆಗೆ ಕಾಲೋ ಮುಖವೋ ಊದಿದರೆ, ಮೂತ್ರದಲ್ಲಿ ನೊರೆ ನಿಂತರೆ, ಮುಲಾಮು ಬಿಟ್ಟು ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಕಾಫಿ ಕೊಯ್ಲಿನ ದಿನ ಮೈಕೈ ನೋವೆಂದು ಅಂಗಡಿಯ ಮಾತ್ರೆ ದಿನಾ ನುಂಗುವುದು ಮೂತ್ರಪಿಂಡಕ್ಕೆ ಪೆಟ್ಟು.

ಇನ್ನು ಊಟದ ವಿಷಯ. ಉಪ್ಪು ಎಲ್ಲರಿಗೂ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಾಕು. ಉಪ್ಪಿನಕಾಯಿ, ಒಣಮೀನು, ಹಪ್ಪಳದ್ದೂ ಅದರಲ್ಲೇ ಸೇರಿತು. ಕಾಳುಗಳ ರಂಜಕ ಮೈಗೆ ಅರೆಬರೆ ಹತ್ತುತ್ತದೆ. ಪೊಟ್ಟಣದ ತಿಂಡಿ, ಕಪ್ಪು ಸೋಡಾಗಳಿಗೆ ಬೆರೆಸಿದ್ದು ಬಹುಪಾಲು ಹತ್ತಿಬಿಡುತ್ತದೆ.

ನಮ್ಮ ಬಸ್ಸಾರಿನ ಮಾತು ಕೇಳಿ. ಸೊಪ್ಪು, ಹುರುಳಿಕಾಯಿ ಬೇಯಿಸಿ ಬಸಿದ ಕಟ್ಟಿಗೆ ಪೊಟ್ಯಾಷ್ ಇಳಿದಿರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಒಳ್ಳೆಯದೇ. ಮೂತ್ರಪಿಂಡ ಸೋತು, ರಕ್ತದಲ್ಲಿ ಪೊಟ್ಯಾಷ್ ಏರಿದವರಿಗೆ ಮಾತ್ರ ಅದು ಹೃದಯವನ್ನೇ ನಿಲ್ಲಿಸೀತು. ಅಂಥವರಿಗೆ ಬಸಿದ ಪಲ್ಯ ಬಡಿಸಿ, ಕಟ್ಟು ಬೇಡ. ಎಳನೀರೂ ಬೇಡ. ಹಿತ್ತಿಲ ಕಮರಾಕ್ಷಿ ಹಣ್ಣಂತೂ ಒಂದು ಹೋಳೂ ಕೂಡದು. ಅದರ ನಂಜು ಮಿದುಳಿಗೇರಿ ಬಿಕ್ಕಳಿಕೆ, ಭ್ರಮೆ, ಸೆಳವು ತರುತ್ತದೆ. ಬೇಳೆ, ಮೊಟ್ಟೆ ಎಷ್ಟೆಂಬುದನ್ನು ವೈದ್ಯರನ್ನೇ ಕೇಳಿ. ನೀವಾಗಿ ಬಿಟ್ಟರೆ ಶಕ್ತಿ ಕುಂದುತ್ತದೆ.

ದೊಡ್ಡಪ್ಪನವರು ಈಗ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ತುರಿಕೆ ಪೂರಾ ಹೋಗಿಲ್ಲ, ತಗ್ಗಿದೆ. ಹಂಡೆಯ ಸುಡುನೀರು ಚರ್ಮವನ್ನು ಇನ್ನೂ ಒಣಗಿಸುತ್ತದೆಂದು ತಿಳಿದ ಮೇಲೆ ದೊಡ್ಡಮ್ಮ ಉಗುರುಬೆಚ್ಚಗೆ ನೀರು ಬೆರೆಸಿಕೊಟ್ಟು, ಮೈ ಒದ್ದೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರುತ್ತಾರೆ.