ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ: ಬ್ರೂಕ್‌ಫೀಲ್ಡ್ ಹಾಗೂ ಸುತ್ತಮುತ್ತಲಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಪ್ರಾಸ್ಟೇಟ್, ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಚಿಕ್ಕ ಗ್ರಂಥಿಯಾಗಿದೆ. ಈ ಗ್ರಂಥಿಯ ಕ್ಯಾನ್ಸರ್ ಬೆಂಗಳೂರಿನ ಪುರುಷರಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳ ಪೈಕಿ ಒಂದು. ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಹಾಗೂ ವೈಟ್‌ಫೀಲ್ಡ್ ಭಾಗಗಳಲ್ಲಿ ಮಕ್ಕಳ ಉದ್ಯೋಗದ ನಿಮಿತ್ತ ನೆಲೆಸಿರುವ ಹಿರಿಯ ನಾಗರಿಕರ ಸಂಖ್ಯೆ ಗಣನೀಯವಾಗಿದೆ. ಕ್ಯಾನ್ಸರ್ ಎಂಬ ಪದ ಕೇಳಿದೊಡನೆ ಕುಟುಂಬಗಳು ಆತುರದಿಂದ ನಿರ್ಧಾರ ಕೈಗೊಳ್ಳುವುದು ಸಹಜ. ಇಂತಹ ಸಂದರ್ಭದಲ್ಲಿ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

ರೋಗ ಪತ್ತೆ

ವಯಸ್ಸಾದವರಲ್ಲಿ ಮೂತ್ರದ ತೊಂದರೆಗೆ ಬಹುತೇಕ ಕ್ಯಾನ್ಸರ್ ಅಲ್ಲದ ಗ್ರಂಥಿ ಊತವೇ ಕಾರಣವಾಗಿರುತ್ತದೆ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಪ್ರಮಾಣವು ಸೋಂಕಿನಿಂದಲೂ ಹೆಚ್ಚಾಗಬಹುದು. ಆದ್ದರಿಂದ ರಕ್ತಪರೀಕ್ಷೆಯೊಂದರಿಂದಲೇ ಕ್ಯಾನ್ಸರ್ ಎಂದು ತೀರ್ಮಾನಿಸತಕ್ಕದ್ದಲ್ಲ. ಎಂ.ಆರ್.ಐ. ಚಿತ್ರಣ ಮತ್ತು ಬಯಾಪ್ಸಿ, ಅಂದರೆ ಗ್ರಂಥಿಯ ಅಂಗಾಂಶ ಪರೀಕ್ಷೆಯ ನಂತರವಷ್ಟೇ ರೋಗ ದೃಢಪಡುತ್ತದೆ. ಬಯಾಪ್ಸಿ ವರದಿಯಲ್ಲಿರುವ ಗ್ಲೀಸನ್ ಅಂಕವು ರೋಗದ ತೀವ್ರತೆಯನ್ನು ಸೂಚಿಸುತ್ತದೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಅಗತ್ಯವೇ?

ಇಲ್ಲ. ರೋಗದ ಹಂತಕ್ಕೆ ಅನುಗುಣವಾಗಿ ಚಿಕಿತ್ಸೆ ಭಿನ್ನವಾಗಿರುತ್ತದೆ.

1. ನಿಧಾನವಾಗಿ ಬೆಳೆಯುವ, ಅಪಾಯ ಕಡಿಮೆಯಿರುವ ಕ್ಯಾನ್ಸರ್‌ನಲ್ಲಿ ನಿಯಮಿತ ತಪಾಸಣೆಯೊಂದಿಗೆ ಕಾದುನೋಡುವುದೂ ಅಂಗೀಕೃತ ಕ್ರಮವಾಗಿದೆ.
2. ಕ್ಯಾನ್ಸರ್ ಗ್ರಂಥಿಯೊಳಗೇ ಸೀಮಿತವಾಗಿದ್ದು ಚಿಕಿತ್ಸೆ ಅವಶ್ಯವಿದ್ದಲ್ಲಿ, ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯನ್ನು ಆಯ್ದುಕೊಳ್ಳಬಹುದು.
3. ಮೂಳೆ ಮುಂತಾದೆಡೆ ಹರಡಿದ್ದಲ್ಲಿ ಹಾರ್ಮೋನ್ ಚಿಕಿತ್ಸೆ ಮತ್ತು ಔಷಧಗಳೇ ಮುಖ್ಯ.

ಬ್ರಿಟನ್ನಿನಲ್ಲಿ ಗ್ರಂಥಿಗೆ ಸೀಮಿತವಾದ ಕ್ಯಾನ್ಸರ್ ಇದ್ದ 1,643 ಪುರುಷರನ್ನು ಕಾದುನೋಡುವಿಕೆ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎಂಬ ಮೂರು ಗುಂಪುಗಳಾಗಿ ವಿಂಗಡಿಸಿ ಅಧ್ಯಯನ ನಡೆಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, 15 ವರ್ಷಗಳ ನಂತರ ಈ ಕ್ಯಾನ್ಸರ್‌ನಿಂದ ಮೃತಪಟ್ಟವರು ಒಟ್ಟಾರೆ ಸುಮಾರು ಶೇ. 3 ಮಾತ್ರ, ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಇಂತಹ ರೋಗಿಗಳಿಗೆ ಯೋಚಿಸಲು ಕೆಲವು ವಾರಗಳ ಕಾಲಾವಕಾಶವಿರುತ್ತದೆ. ಆದರೆ ತೀವ್ರ ಸ್ವರೂಪದ ರೋಗವಿದ್ದಲ್ಲಿ ವಿಳಂಬ ಸಲ್ಲದು.

ರೋಬೋಟ್ ನೆರವಿನ ವಿಧಾನ

ರೋಬೋಟ್ ತಾನಾಗಿಯೇ ಶಸ್ತ್ರಚಿಕಿತ್ಸೆ ನಡೆಸುವುದಿಲ್ಲ. ಹೊಟ್ಟೆಯ ಮೇಲೆ ಮಾಡಿದ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಗೂ ಉಪಕರಣಗಳನ್ನು ಒಳಸೇರಿಸಲಾಗುತ್ತದೆ. ಅದೇ ಕೊಠಡಿಯಲ್ಲಿ ಕುಳಿತ ಶಸ್ತ್ರವೈದ್ಯರು ಒಳಭಾಗವನ್ನು ದೊಡ್ಡದಾಗಿ, ಮೂರು ಆಯಾಮಗಳಲ್ಲಿ ನೋಡುತ್ತಾ ಉಪಕರಣಗಳನ್ನು ನಡೆಸುತ್ತಾರೆ. ಮಣಿಕಟ್ಟಿನಂತೆ ತಿರುಗುವ ಈ ಉಪಕರಣಗಳು ಕೈನಡುಕವನ್ನು ತಡೆಯುತ್ತವೆ. ಡಾ ವಿಂಚಿ ಎಂಬ ಯಂತ್ರಕ್ಕೆ ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಅನುಮೋದನೆ ದೊರೆಯಿತು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ಇದರ ಬಳಕೆಯನ್ನು ವ್ಯಾಪಕಗೊಳಿಸಿದವರಲ್ಲಿ ಡೆಟ್ರಾಯಿಟ್‌ನಲ್ಲಿ ಸೇವೆ ಸಲ್ಲಿಸಿದ್ದ ಭಾರತೀಯ ಮೂಲದ ವೈದ್ಯ ಡಾ. ಮಣಿ ಮೆನನ್ ಪ್ರಮುಖರು.

ಅನುಕೂಲಗಳು ಮತ್ತು ಮಿತಿಗಳು

ರಕ್ತಸ್ರಾವ ಹಾಗೂ ನೋವು ಕಡಿಮೆಯಿರುವುದು ಮತ್ತು ಬೇಗ ಮನೆಗೆ ತೆರಳಬಹುದಾದುದು ಈ ವಿಧಾನದ ಅನುಕೂಲಗಳು. ಆದರೆ ಮೂತ್ರ ಸೋರುವಿಕೆ ಮತ್ತು ಲೈಂಗಿಕ ಸಾಮರ್ಥ್ಯದ ನಷ್ಟ ಎಂಬ ಎರಡು ಮುಖ್ಯ ತೊಂದರೆಗಳಿಂದ ಇದು ಮುಕ್ತವಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ (2018ರ ವರದಿ) ಎರಡು ವರ್ಷಗಳ ನಂತರ ಇವೆರಡೂ ವಿಷಯಗಳಲ್ಲಿ ಫಲಿತಾಂಶ ಬಹುತೇಕ ಸಮಾನವಾಗಿತ್ತು. ಫಲಿತಾಂಶವು ಯಂತ್ರಕ್ಕಿಂತ ಹೆಚ್ಚಾಗಿ ಶಸ್ತ್ರವೈದ್ಯರ ಅನುಭವವನ್ನು ಅವಲಂಬಿಸಿರುತ್ತದೆ. ರೋಬೋಟ್ ಇಲ್ಲದ ಆಸ್ಪತ್ರೆಯಲ್ಲಿ ನುರಿತ ವೈದ್ಯರಿಂದ ತೆರೆದ ಶಸ್ತ್ರಚಿಕಿತ್ಸೆ ಪಡೆದವರು ಕೀಳು ದರ್ಜೆಯ ಚಿಕಿತ್ಸೆ ಪಡೆದರೆಂದು ಕೊರಗುವ ಕಾರಣವಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಮೂತ್ರದ ಕೊಳವೆ ಇರುತ್ತದೆ. ಸೋರುವಿಕೆಯು ಬಹುಪಾಲು ಜನರಲ್ಲಿ ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಇದಕ್ಕೆ ಶ್ರೋಣಿ ಸ್ನಾಯುಗಳ ವ್ಯಾಯಾಮ ಸಹಕಾರಿ. ಈ ವಿಷಯಗಳನ್ನು ವೈದ್ಯರೊಡನೆ ಹಾಗೂ ಪತ್ನಿಯೊಡನೆ ಮುಂಚಿತವಾಗಿ ಮಾತನಾಡಲು ಸಂಕೋಚಪಡಬಾರದು.

ವೆಚ್ಚ ಮತ್ತು ವಿಮೆ

ಯಂತ್ರದ ಬೆಲೆ ದುಬಾರಿಯಾಗಿದ್ದು, ಅದರ ಉಪಕರಣಗಳನ್ನು ನಿಗದಿತ ಸಂಖ್ಯೆಯ ಬಳಕೆಯ ನಂತರ ಬದಲಿಸಬೇಕಾಗುತ್ತದೆ. ಬಿಲ್ಲಿನ ಮೊತ್ತ ಹೆಚ್ಚಲು ಇದು ಮುಖ್ಯ ಕಾರಣ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆರೋಗ್ಯ ವಿಮೆಯಿಂದ ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವಂತಿಲ್ಲ ಎಂದು ತಿಳಿಸಿತ್ತು. ಆದರೆ ಕಂಪನಿಗಳು ಇದಕ್ಕೆ ಪ್ರತ್ಯೇಕ ಉಪಮಿತಿ ವಿಧಿಸಬಹುದು. ಉದ್ಯೋಗದಾತರ ಗುಂಪು ವಿಮೆಯಲ್ಲಿ ತಂದೆಯ ಹೆಸರಿದ್ದರೂ ಉಪಮಿತಿಯನ್ನು ಪರಿಶೀಲಿಸದೆ ದಾಖಲಾದಲ್ಲಿ, ಬಿಡುಗಡೆಯ ದಿನ ದೊಡ್ಡ ಮೊತ್ತವನ್ನು ಸ್ವಂತವಾಗಿ ಭರಿಸಬೇಕಾದೀತು. ಬಿ.ಪಿ.ಎಲ್. ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ಚಿಕಿತ್ಸೆಯ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸುವುದು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ರೋಗ ಯಾವ ಹಂತದಲ್ಲಿದೆ? ಕಾದುನೋಡಬಹುದೇ? ವಿಕಿರಣ ಚಿಕಿತ್ಸೆ ಸಾಧ್ಯವೇ?
2. ಶಸ್ತ್ರವೈದ್ಯರು ಸ್ವತಃ ಇಂತಹ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ನಡೆಸಿದ್ದಾರೆ?
3. ಲೈಂಗಿಕ ಸಾಮರ್ಥ್ಯಕ್ಕೆ ಸಂಬಂಧಿಸಿದ ನರಗಳನ್ನು ಉಳಿಸಲು ಸಾಧ್ಯವೇ?
4. ಉಪಕರಣಗಳ ಶುಲ್ಕ ಸೇರಿದಂತೆ ಒಟ್ಟು ಅಂದಾಜು ವೆಚ್ಚವೆಷ್ಟು? ಅದನ್ನು ಲಿಖಿತವಾಗಿ ನೀಡುವಿರಾ?

ಎರಡನೇ ಅಭಿಪ್ರಾಯ

ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆಯೂ, ಹೊಸೂರು ರಸ್ತೆಯಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಇವೆ. ಇವೆರಡೂ ಸರ್ಕಾರದ ಸ್ವಾಯತ್ತ ಸಂಸ್ಥೆಗಳಾಗಿವೆ. ಬ್ರೂಕ್‌ಫೀಲ್ಡ್ ನಿವಾಸಿಗಳು ಕುಂದಲಹಳ್ಳಿ ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಸಮೀಪದಲ್ಲಿದೆ. ಹೋಗುವಾಗ ಬಯಾಪ್ಸಿ ವರದಿ, ಎಂ.ಆರ್.ಐ. ಚಿತ್ರಗಳು ಹಾಗೂ ಹಿಂದಿನ ಎಲ್ಲಾ ಪಿ.ಎಸ್.ಎ. ವರದಿಗಳನ್ನು ತಪ್ಪದೇ ಕೊಂಡೊಯ್ಯುವುದು.

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಕುರಿತು ಅಂತಿಮ ನಿರ್ಧಾರವನ್ನು ತಜ್ಞ ವೈದ್ಯರೊಡನೆ ಸಮಾಲೋಚಿಸಿ ಕೈಗೊಳ್ಳತಕ್ಕದ್ದು.