ಎದುರಾಳಿಯ ದಫ್ತರದಲ್ಲಿ ಸಿಕ್ಕ ಸೂರತ್

ಹದಿನೆಂಟನೇ ಶತಮಾನದ ಆರಂಭದಲ್ಲಿ ಸೂರತ್ ಬಂದರಿನ ದೊಡ್ಡ ವರ್ತಕ, ಹಡಗುಗಳ ಒಡೆಯ ಮುಲ್ಲಾ ಅಬ್ದುಲ್ ಗಫೂರ್. ಇಂಥ ವರ್ತಕರ ಖಾತೆಪುಸ್ತಕಗಳು ನಮಗೆ ಉಳಿದಿಲ್ಲ. ಹಾಗಾಗಿ ಅವರ ಕತೆ ಬರೆಯುವುದು ಸುಲಭವಿರಲಿಲ್ಲ.

ದಾರಿ ಕಂಡುಕೊಂಡವರು ಕಲ್ಕತ್ತೆಯ ಇತಿಹಾಸಕಾರ ಅಶೀನ್ ದಾಸ್‌ಗುಪ್ತ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ಗೆ ಹೋದ ಅವರು ಡಚ್ ಭಾಷೆ ಕಲಿತು, ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕಾಗದಗಳಿಗೆ ಕೈಹಾಕಿದರು. ಮಲಬಾರಿನ ವ್ಯಾಪಾರದ ಮೇಲೆ ಅವರ ಮೊದಲ ಪುಸ್ತಕ 1967ರಲ್ಲಿ ಬಂತು. ಆಮೇಲೆ ಕಣ್ಣು ಸೂರತ್ತಿನ ಮೇಲೆ ಬಿತ್ತು.

ಕಂಪನಿಯ ಗುಮಾಸ್ತರಿಗೆ ಸೂರತ್ತಿನ ವರ್ತಕರು ಪೈಪೋಟಿಗಾರರು. ಅದಕ್ಕೇ ಅವರ ಮೇಲೆ ಸದಾ ಕಣ್ಣಿಟ್ಟಿದ್ದರು. ಯೆಮನ್‌ನ ಮೊಖಾ ಬಂದರಿನಿಂದ ಬಂದ ಹಡಗು ಯಾರದು, ಅದರ ನಖೋದಾ (ಹಡಗಿನ ನಾಯಕ) ಯಾರು, ಏನು ಸರಕು, ಊರಿನಲ್ಲಿ ಯಾರ ಮೇಲೆ ಯಾರ ಹಗೆ, ಎಲ್ಲವನ್ನೂ ಬರೆದಿಟ್ಟರು. ದಾಸ್‌ಗುಪ್ತ ಆ ಪುಟಗಳನ್ನು ಕಂಪನಿಯ ಲಾಭನಷ್ಟಕ್ಕಾಗಿ ಓದಲಿಲ್ಲ, ನಮ್ಮ ವರ್ತಕರಿಗಾಗಿ ಓದಿದರು. ಅವರ ಹಿರಿಮೆ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ.

ಸಿಕ್ಕಿದ್ದು ಸಣ್ಣದಲ್ಲ. 1701ರ ಸುಮಾರಿಗೆ ಸೂರತ್ತಿನವರ ಹಡಗುಗಳು ನೂರಕ್ಕೂ ಹೆಚ್ಚು. 1750ರ ವೇಳೆಗೆ ಉಳಿದದ್ದು ಇಪ್ಪತ್ತರ ಆಸುಪಾಸು. ಇಂಗ್ಲಿಷರು ಸೂರತ್ ಕೋಟೆ ಹಿಡಿದದ್ದು 1759ರಲ್ಲಿ, ಅಂದರೆ ಬಂದರು ಸೊರಗಿದ ಮೇಲೆ. ಸೊರಗಲು ಕಾರಣಗಳು ಬೇರೆಯೇ ಇದ್ದವು. ಮೊಗಲರ ಆಡಳಿತ ಕುಸಿದು ಒಳನಾಡಿನ ದಾರಿಗಳು ಅಪಾಯಕ್ಕೆ ಸಿಕ್ಕಿದ್ದವು. 1722ರಲ್ಲಿ ರಾಜಧಾನಿ ಇಸ್ಫಹಾನ್ ಬಿದ್ದು ಇರಾನಿನ ಸಫವಿ ದೊರೆಗಳು ನೆಲಕಚ್ಚಿದರು. ಯೆಮನ್‌ನಲ್ಲೂ ಕಲಹ. ಗಫೂರನ ಮೊಮ್ಮಗ ಮುಹಮ್ಮದ್ ಅಲಿ ಊರಿನ ಅಧಿಕಾರಿಯನ್ನು ಇಳಿಸಲು ವರ್ತಕರ ಮುಂದಾಳಾದ, ಗೆದ್ದ. ಹೊಸದಾಗಿ ಬಂದ ಅಧಿಕಾರಿಯೇ ಅವನನ್ನು ಬಂಧಿಸಿದ. 1733ರಲ್ಲಿ ಮುಹಮ್ಮದ್ ಅಲಿ ಸೆರೆಯಲ್ಲೇ ಸತ್ತ. ನಮ್ಮ ಕಡಲ ವ್ಯಾಪಾರ ಕೆಟ್ಟದ್ದಕ್ಕೆಲ್ಲ ಯುರೋಪಿಯನ್ನರೇ ಕಾರಣ ಎಂಬ ಸುಲಭದ ಉತ್ತರ ಇಷ್ಟರ ಮುಂದೆ ನಿಲ್ಲಲಿಲ್ಲ.

ಸೂರತ್ತಿನ ಪುಸ್ತಕ 1979ರಲ್ಲಿ ಹೊರಬಂತು. ದಾಸ್‌ಗುಪ್ತ ಮುಂದೆ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದರು, ವಿಶ್ವಭಾರತಿಯ ಕುಲಪತಿಯೂ ಆದರು. 1998ರಲ್ಲಿ ತೀರಿಕೊಂಡರು.

ಸೂರತ್ತಿನಂತೆ ನಮ್ಮ ಕರಾವಳಿಯ ಬಸರೂರು, ಭಟ್ಕಳ, ಹೊನ್ನಾವರಗಳೂ ಅಕ್ಕಿ, ಮೆಣಸು ಸಾಗಿಸಿದ ಬಂದರುಗಳೇ. ಸೂರತ್ತಿನವರ ಖಾತೆಗಳಂತೆ ಇಲ್ಲಿನವೂ ಕಳೆದುಹೋಗಬಾರದು. ನಿಮ್ಮ ಮನೆಯ ಅಟ್ಟದಲ್ಲಿ ಹಿರಿಯರ ಲೆಕ್ಕದ ಕಡತ, ಖಾತೆಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಮ್ಮೆ ತೋರಿಸಿ.