ಪ್ರತಿಧ್ವನಿಯಲ್ಲಿ ಕಳೆದ ಪದ

ನಿವೃತ್ತಿಯ ನಂತರ ಒಮ್ಮೆ ರಾಯಚೂರು ಜಿಲ್ಲೆಯ ಬಾಗಲವಾಡದಲ್ಲಿ ತತ್ವಪದ ಕೇಳಲು ಕುಳಿತಿದ್ದೆ. ಮೈಕ್‌ಸೆಟ್ಟಿನ ‘ಎಕೊ’ ಗುಂಡಿಯನ್ನು ಪೂರ್ತಿ ತಿರುಗಿಸಲಾಗಿತ್ತು. ದನಿ ಕೇಳಿತು, ಪದ ಕೇಳಲಿಲ್ಲ.

ಕಾರಣ ಸರಳ. ಆ ಯಂತ್ರ ದನಿಯನ್ನು ಕ್ಷಣಕಾಲ ಹಿಡಿದಿಟ್ಟು ಮರಳಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 0.3 ಸೆಕೆಂಡು ತಡವೆಂದರೆ 50 ಮೀಟರ್ ಆಚೆಯ ಗೋಡೆಗೆ ಬಡಿದು ಬಂದಂತೆ. ಅಷ್ಟರಲ್ಲಿ ಮುಂದಿನ ಅಕ್ಷರ ಹೊರಟಿರುತ್ತದೆ.

‘ದಮ್ಮು ಸಾಲದವರಿಗೆ ಅದೇ ಆಸರೆ’ ಎಂದರು ಯುವ ಗಾಯಕರು. ‘ಪದಾನೇ ತಿಳೀಲಿಲ್ಲಂದ್ರ ಭಜನಿ ಯಾಕ್ರೀ?’ ಎಂದರು ಹಿರಿಯರೊಬ್ಬರು.

ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರ ಜಿಲ್ಲೆಯಿದು. ಅಕ್ಷರ ಬಾರದವರಿಗೆ ತತ್ವಪದ ತಲುಪುವುದು ಕಿವಿಯಿಂದಲೇ. ಯಂತ್ರವನ್ನು ದೂರಬೇಕಿಲ್ಲ, ಗುಂಡಿಯನ್ನು ತಗ್ಗಿಸಿದರೆ ಸಾಕು.